ದಂಡನಾಯಕನಿಗೆ ದುಃಖದ ಬಾಲ್ಯ ಬೇಡ, ಒಬ್ಬ ದೊರೆ ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಈಗಿನ ಹುಡುಗರು ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ತಲೆಗೊಂದು ಪಾತ್ರ ವಹಿಸಿಕೊಂಡು ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತರಹದ ಆಟಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕನ್ನಡ ಪತ್ರಿಕೆಯೊಂದು ಇದಕ್ಕೆ ಅರ್ಧ ಪುಟ ಕೊಟ್ಟಿತಲ್ಲ ಎಂದು ಖುಷಿಯಾಯಿತು. ಆದರೆ ಲೇಖನದ ಪಕ್ಕದ ಚೌಕಟ್ಟಿನಲ್ಲಿ, ರಾಜನ ಕ್ರೂರ ಸೇನಾಪತಿಯ ಪಾತ್ರ ಕಟ್ಟುವುದು ಹೇಗೆ ಎಂದು ಕೊಟ್ಟ ಸಲಹೆಗೆ ನನ್ನ ತಕರಾರಿದೆ. ಅವನಿಗೊಂದು ದುಃಖದ ಬಾಲ್ಯ ಕೊಡಿ, ಕಣ್ಣೆದುರೇ ತಾಯಿ ಸತ್ತಿರಲಿ, ಹುಟ್ಟೂರು ಸುಟ್ಟುಹೋಗಿರಲಿ, ಕೆನ್ನೆಯ ಮೇಲೊಂದು ಗಾಯದ ಕಲೆ ಇರಲಿ, ಆಗ ಅವನ ಕ್ರೌರ್ಯಕ್ಕೆ ಅರ್ಥ ಬರುತ್ತದೆ ಎಂದು ಬರೆದಿದ್ದೀರಿ. ಬರುವುದಿಲ್ಲ ಎನ್ನುವುದಕ್ಕೇ ಈ ಪತ್ರ. ಉದ್ದವಾದೀತು, ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಇವನಿಗೇನು ಗೊತ್ತು ಎಂದು ಕೇಳುವವರಿಗಾಗಿ ನನ್ನ ಬಗ್ಗೆ ಎರಡು ಮಾತು. ನಾನು ಸಾಗರದ ಕಡೆಯವನು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದೆ, ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನೌಕರಿಗೆ ಸೇರುವ ಮೊದಲಿನಿಂದಲೂ ತಾಳಮದ್ದಳೆಯ ಹುಚ್ಚು. ವೇಷ ಕುಣಿತ ಇಲ್ಲದೆ ಕೂತು, ಭಾಗವತ ಹಾಡಿದ ಪದಕ್ಕೆ ಪಾತ್ರವಾಗಿ ಮಾತಾಡುವ, ಅಂದರೆ ಅರ್ಥ ಹೇಳುವ ಯಕ್ಷಗಾನ ಅದು. ಗಂಟಲು ದಪ್ಪ ಇದ್ದುದರಿಂದ ಕೂಟಗಳಲ್ಲಿ ನನ್ನ ಪಾಲಿಗೆ ಬರುತ್ತಿದ್ದುದು ಮಾಗಧ (ಅಂದರೆ ಜರಾಸಂಧ), ಕಂಸ, ಕೌರವ. ಕೃಷ್ಣನ ಅರ್ಥ ಹೇಳುವ ಯೋಗ ಈ ಜನ್ಮದಲ್ಲಿ ಕೂಡಿಬಂದಿಲ್ಲ. ಇಲ್ಲಿ ಮೊಮ್ಮಗ ಮತ್ತು ಅವನ ಗೆಳೆಯರು ಭಾನುವಾರ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಆಟಕ್ಕೆ ಕೂರುತ್ತಾರೆ. ಮೊಮ್ಮಗ ಆಟ ನಡೆಸುವವನು, ಡಂಜನ್ ಮಾಸ್ಟರ್. ನಮ್ಮ ಲೆಕ್ಕದಲ್ಲಿ ಭಾಗವತ. ಪದ ಎತ್ತಿ ಕೊಡುವುದು, ಯಾರನ್ನು ಯಾವಾಗ ರಂಗಕ್ಕೆ ತರಬೇಕು ಎಂದು ನೋಡುವುದು, ಮಾತು ಹಳ್ಳ ಹಿಡಿದರೆ ಎಳೆದು ತರುವುದು ಎಲ್ಲ ಅವನದೇ. ವೀರರ ಪಾತ್ರಗಳು ಗೆಳೆಯರವು, ಉಳಿದ ಊರುಕೇರಿಯೆಲ್ಲ ಅವನದು. ಆ ಉಳಿದವರಲ್ಲಿ ದಂಡನಾಯಕನೊಬ್ಬ ಅವನ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಬರೀ ಕೂಗುತ್ತಿದ್ದ, ಹಲ್ಲು ಕಡಿಯುತ್ತಿದ್ದ, ಹುಡುಗರು ನಗುತ್ತಿದ್ದರು. ‘ಅಜ್ಜ, ಇವನೊಬ್ಬನನ್ನು ನೀವೇ ಆಡಿ’ ಎಂದು ನನ್ನ ತಲೆಗೆ ಕಟ್ಟಿದ.

ಪುರವಣಿಯ ಲೇಖನದಲ್ಲಿ ಈ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು ಎಂದಿದೆ, ಸರಿಯೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಹೊರತಂದದ್ದು. ಆದರೆ ಬೇರು ಇನ್ನೂ ಹಿಂದಿನದು. ಪ್ರಷ್ಯಾದ ಸೇನೆಯಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ ಯುದ್ಧದಾಟವೊಂದರ ನಿಯಮ ಪ್ರಕಟಿಸಿದ. ನಕ್ಷೆ ಹಾಸಿ, ಪಡೆಗಳ ಗುರುತಿಗೆ ತುಂಡುಗಳನ್ನಿಟ್ಟು, ದಾಳ ಹಾಕಿ, ನಡುವೆ ತೀರ್ಪುಗಾರನೊಬ್ಬ ಕೂತು ಆಡಿಸುವ ಆಟ. ಆಡುತ್ತಿದ್ದವರು ಸೇನಾಧಿಕಾರಿಗಳೇ. ಆ ವಂಶದ ಯುದ್ಧದಾಟಗಳಿಂದ ಮುಂದೆ ಇದು ಕವಲೊಡೆಯಿತು. ಅಂದರೆ ರಾಕ್ಷಸ, ಮಾಟಗಾತಿ, ಬೆಂಕಿಯುಗುಳುವ ಹಾವು ಎಲ್ಲ ಆಮೇಲೆ ಬಂದವರು; ಸೇನಾಪತಿ ಮೊದಲಿನಿಂದಲೂ ಮೇಜಿನ ಮೇಲಿದ್ದವನು. ಅವನನ್ನು ಬರೀ ಬೊಬ್ಬೆ ಹಾಕುವ ಬಣ್ಣದ ವೇಷ ಮಾಡುವುದು ಅನ್ಯಾಯ.

ಬಾಲ್ಯದ ಕಥೆ ಯಾಕೆ ಕೆಲಸಕ್ಕೆ ಬರುವುದಿಲ್ಲ? ಮೇಜಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಅಷ್ಟೇ. ಎದುರಿಗೆ ಕೂತ ವೀರರು ಕೇಳುವುದು ‘ನಮ್ಮ ಊರಿನ ಸೇತುವೆ ಯಾಕೆ ಕಡಿಸಿದೆ?’ ಎಂದು. ಅದಕ್ಕೆ ‘ನನ್ನ ತಾಯಿ ನಾನು ಆರು ವರ್ಷದವನಿದ್ದಾಗ...’ ಎಂದು ಶುರು ಮಾಡಿದರೆ ಪಾತ್ರ ಅಲ್ಲೇ ಸತ್ತಿತು. ಮಾಗಧನ ಅರ್ಥ ಹೇಳುವವರಿಗೆ ಇದು ಗೊತ್ತು. ಜರಾಸಂಧ ಎರಡು ಹೋಳಾಗಿ ಹುಟ್ಟಿದವನು, ಜರೆ ಎಂಬ ರಾಕ್ಷಸಿ ಸೇರಿಸಿದ್ದರಿಂದ ಬದುಕಿದವನು. ಇದಕ್ಕಿಂತ ದುಃಖದ ಬಾಲ್ಯ ಯಾರಿಗಿದೆ? ಆದರೂ ಅರಸರನ್ನು ಸೆರೆಯಲ್ಲಿಟ್ಟು ಬಲಿಗೆ ಕಾಯುತ್ತಿದ್ದೀಯಲ್ಲ ಎಂದು ಕೃಷ್ಣ ಕೇಳಿದಾಗ ಅವನು ಹುಟ್ಟಿನ ಕಥೆ ತೆಗೆಯುವುದಿಲ್ಲ. ಯುದ್ಧದಲ್ಲಿ ಸೋಲಿಸದೆ ಯಾರನ್ನೂ ತಂದಿಲ್ಲ, ಗೆದ್ದವನು ಸೋತವನನ್ನು ತನ್ನಿಷ್ಟದಂತೆ ನಡೆಸಿಕೊಳ್ಳುವುದು ಕ್ಷತ್ರಿಯ ಧರ್ಮ, ಇದರಲ್ಲಿ ತಪ್ಪೇನು ತೋರಿಸು ಎನ್ನುತ್ತಾನೆ. ಕೃಷ್ಣನಿಗೆ ಕೆಲಸ ಬೀಳುವುದು ಆಗ. ಹುಡುಗರ ಆಟದಲ್ಲಿ ಪಾತ್ರಗಳ ಸ್ವಭಾವಕ್ಕೆ ಒಂದೊಂದು ಹಣೆಪಟ್ಟಿ ಇದೆ. ಅದರಲ್ಲಿ ‘ಲಾಫುಲ್ ಈವಿಲ್’ ಎಂಬುದೊಂದು. ನಿಯಮ ಮೀರದೆ ಕೆಡುಕು ಮಾಡುವವನು. ಮೊಮ್ಮಗ ಅದನ್ನು ವಿವರಿಸುವಾಗ ನನಗೆ ಮಾಗಧನೂ ನೆನಪಾದ, ನನ್ನ ಕಚೇರಿಯೂ ನೆನಪಾಯಿತು.

ನನ್ನ ದಂಡನಾಯಕನ ಹೆಸರು ಮಾಚರಸ. ಅವನ ದೊರೆ ಹದಿಹರೆಯದವನು, ಸುಂದರ, ಮೃದು ಮಾತಿನವನು, ವೀಣೆ ನುಡಿಸುತ್ತಾನೆ, ಬಡವರನ್ನು ಕಂಡರೆ ಕಣ್ಣಲ್ಲಿ ನೀರು. ಪ್ರಜೆಗಳಿಗೆ ಅವನೆಂದರೆ ಪ್ರಾಣ. ಇದನ್ನು ನಾನೇ ಕೇಳಿ ಮಾಡಿಸಿಕೊಂಡದ್ದು. ಮೊಮ್ಮಗ ಮೊದಲು ಯೋಚಿಸಿದ್ದು ಕಿರೀಟದ ಮೇಲೆ ಕಣ್ಣಿಟ್ಟ ಸೇನಾಪತಿ, ಮೂಲೆಯಲ್ಲಿ ನಡುಗುವ ರಾಜ. ಅದು ಬೇಡ ಎಂದೆ. ಕಿರೀಟ ಕದಿಯುವವನು ಕಳ್ಳ. ಅವನನ್ನು ಹಿಡಿದರೆ ಕಥೆ ಮುಗಿಯಿತು. ಮಾಚರಸನಿಗೆ ಕಿರೀಟ ಬೇಡ. ದೊರೆ ಒಳ್ಳೆಯವನಾಗಿಯೇ ಉಳಿಯಲಿ ಎಂಬುದು ಅವನ ವ್ರತ, ಅದಕ್ಕೆ ಬೇಕಾದ ಕೊಳಕು ಕೆಲಸವೆಲ್ಲ ತನ್ನ ಪಾಲಿನದು ಎಂದು ಅವನು ಒಪ್ಪಿಕೊಂಡಿದ್ದಾನೆ.

ಕಚೇರಿಯಲ್ಲಿ ಕೂತವರಿಗೆ ಇದು ಹೊಸತಲ್ಲ. ಮೇಲಿನವರು ಯಾವತ್ತೂ ‘ಆ ಗುಡಿಸಲು ಕೆಡವಿ’ ಎಂದು ಬರೆಯುವುದಿಲ್ಲ. ‘ನಿಯಮಾನುಸಾರ ಕ್ರಮ ಕೈಗೊಂಡು ವರದಿ ಸಲ್ಲಿಸುವುದು’ ಎಂದು ಬರೆಯುತ್ತಾರೆ. ಇನ್ನೂ ಜಾಣರಾದರೆ ಕಡತದ ಅಂಚಿನಲ್ಲಿ ‘ಚರ್ಚಿಸಿ’ ಎಂದಷ್ಟೇ. ಚರ್ಚೆ ಕೋಣೆಯೊಳಗೆ ಮುಗಿಯುತ್ತದೆ, ಕಾಗದದ ಮೇಲೆ ಉಳಿಯುವುದು ಕೆಳಗಿನವನ ಸಹಿ. ಹಾಗಾಗಿ ಮಾಚರಸನಿಗೆ ನಾನೊಂದು ಲೆಕ್ಕದ ಪುಸ್ತಕ ಮಾಡಿಕೊಂಡಿದ್ದೇನೆ. ಒಂದು ಕಡೆ ದೊರೆ ಆಡಿದ ಮಾತು, ಅದರ ಎದುರು ಇವನು ಮಾಡಿದ ಕೆಲಸ. ‘ಉತ್ತರದ ಊರುಗಳ ಚಿಂತೆ ನನ್ನ ನಿದ್ದೆ ಕೆಡಿಸಿದೆ’ ಎಂದು ದೊರೆ ಒಂದು ಸಂಜೆ ಅಂದ. ಎದುರಿನ ಕಲಮಿನಲ್ಲಿ ಮೂರು ಊರುಗಳ ಹೆಸರಿವೆ. ಬಾಲ್ಯದ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಆದರೂ ಯಾವ ಹುಡುಗ ಏನು ಕೇಳಿದರೂ ಅವನ ಬಾಯಿಂದ ಉತ್ತರ ಹೊರಡುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಹೊಳೆ ದಾಟುವ ಜಾಗದಲ್ಲೊಂದು ಹಳ್ಳಿ. ಮಾಚರಸನ ಸೈನ್ಯ ಅಲ್ಲಿ ಬೀಡು ಬಿಟ್ಟಿದೆ: ಐದು ಸಾವಿರ ಆಳು, ಸಾವಿರ ಕುದುರೆ. ಆಳಿಗೆ ದಿನಕ್ಕೆ ಒಂದು ಕಿಲೋ ಧಾನ್ಯ ಹಿಡಿದರೂ ಐವತ್ತು ಕ್ವಿಂಟಲ್. ಕುದುರೆಗೆ ಹುಲ್ಲು, ಹುರುಳಿ ಸೇರಿ ಹತ್ತು ಕಿಲೋ ಎಂದರೆ ಇನ್ನೂ ನೂರು ಕ್ವಿಂಟಲ್. ದಿನವೂ. ಸಿನಿಮಾದಲ್ಲಿ ಸೈನ್ಯ ಬರೀ ಓಡುತ್ತದೆ. ನಿಜವಾದ ಸೈನ್ಯ ಮೊದಲು ತಿನ್ನುತ್ತದೆ. ಮಾಚರಸ ಹಳ್ಳಿಯ ಕಣಜ ತೆಗೆಸಿದ. ಊಟದ ಧಾನ್ಯ ತೆಗೆದುಕೊಂಡ, ಆಮೇಲೆ ಬಿತ್ತನೆಗೆ ಇಟ್ಟಿದ್ದ ಬೀಜವನ್ನೂ ತೆಗೆದುಕೊಂಡ. ಅಳೆಸಿ, ತೂಗಿಸಿ, ಮುದ್ರೆ ಒತ್ತಿದ ರಸೀದಿ ಕೊಟ್ಟ. ಯುದ್ಧ ಮುಗಿದ ಮೇಲೆ ಭಂಡಾರದಲ್ಲಿ ತೋರಿಸಿದರೆ ಹಣ ಸಿಗುತ್ತದೆ ಎಂದ. ಪಟೇಲರನ್ನು ‘ತಾವು’ ಎಂದೇ ಮಾತಾಡಿಸಿದ. ಒಬ್ಬ ಸೈನಿಕ ಯಾರದೋ ಹಿತ್ತಿಲಿನಿಂದ ಕೋಳಿ ಕದ್ದಿದ್ದ. ಅದಕ್ಕೆ ರಸೀದಿ ಇರಲಿಲ್ಲವಲ್ಲ, ಅವನನ್ನು ಅದೇ ಊರಿನ ಹುಣಸೆ ಮರಕ್ಕೆ ನೇಣು ಹಾಕಿಸಿದ.

ಮೇಜಿನ ಸುತ್ತ ಯಾರೂ ನಗಲಿಲ್ಲ. ಗೆಳೆಯರಲ್ಲಿ ವೈದ್ಯಕೀಯ ಓದುವ ಹುಡುಗಿಯೊಬ್ಬಳಿದ್ದಾಳೆ, ಆಟದಲ್ಲೂ ಅವಳು ವೈದ್ಯೆಯೇ. ಅವಳು ಬಹಳ ಹೊತ್ತು ರಸೀದಿಯ ಬಗ್ಗೆಯೇ ಜಗಳ ಆಡಿದಳು. ‘ಬೀಜ ತಗೊಂಡ್ರೆ ಮುಂದಿನ ವರ್ಷ ಇವರು ಏನು ತಿನ್ನಬೇಕು?’ ‘ಮುಂದಿನ ವರ್ಷ ಈ ಊರು ಯಾವ ದೊರೆಯದು ಎಂಬುದು ಈ ತಿಂಗಳು ತೀರ್ಮಾನವಾಗಬೇಕು, ತಾಯಿ.’ ‘ಕೋಳಿ ಕದ್ದವನಿಗೆ ನೇಣು, ಊರನ್ನೇ ಕದ್ದ ನಿಮಗೆ?’ ‘ನಾನು ಕದ್ದಿಲ್ಲ. ರಸೀದಿ ತೋರಿಸಲೇ?’ ಒಂದು ಸಲವೂ ದನಿ ಏರಿಸಲಿಲ್ಲ ನಾನು. ಗಂಟಲು ದಪ್ಪ ಇದ್ದವನು ಮೆಲ್ಲಗೆ ಮಾತಾಡಿದರೆ ಅದಕ್ಕೊಂದು ಬೇರೆಯದೇ ತೂಕ. ಇದನ್ನು ಹಿರಿಯ ಅರ್ಥಧಾರಿಗಳನ್ನು ಕೇಳಿ ಕೇಳಿ ಕಲಿತದ್ದು.

ಇದೆಲ್ಲ ಕಟ್ಟುಕಥೆ ಎಂದು ತಳ್ಳಿಬಿಡಬೇಡಿ. ಚೀನಾದ ಚಿನ್ ರಾಜ್ಯಕ್ಕೆ ಬಾಯ್ ಚೀ ಎಂಬ ಸೇನಾಪತಿಯಿದ್ದ. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್ ಎಂಬಲ್ಲಿ ಎದುರಾಳಿ ಝಾವ್ ರಾಜ್ಯದ ಸೈನ್ಯವನ್ನು ಸುತ್ತುವರಿದು 46 ದಿನ ಅನ್ನವಿಲ್ಲದಂತೆ ಮಾಡಿದ. ಶರಣಾದವರಲ್ಲಿ ಎಳೆಯ 240 ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಕೊಲ್ಲಿಸಿದ. ಅಲ್ಲಿನ ಹಳೆಯ ಇತಿಹಾಸಕಾರರು ನಾಲ್ಕು ಲಕ್ಷ ಎಂದು ಲೆಕ್ಕ ಕೊಡುತ್ತಾರೆ. ಅಷ್ಟಿರಲಿಕ್ಕಿಲ್ಲ ಎನ್ನುವ ಇಂದಿನ ವಿದ್ವಾಂಸರೂ ಇದ್ದಾರೆ. ನನ್ನ ಕಣ್ಣು ನಿಂತದ್ದು ಆ 240ರ ಮೇಲೆ. ಅವರನ್ನು ಬಿಟ್ಟದ್ದು ಕರುಣೆಯಿಂದಲ್ಲವಂತೆ, ಮನೆಗೆ ಹೋಗಿ ಕಂಡದ್ದನ್ನು ಹೇಳಲಿ ಎಂದು. ಅದಾದ ಮೂರೇ ವರ್ಷಕ್ಕೆ ಅವನ ಗತಿ ಏನಾಯಿತು? ಝಾವ್ ರಾಜಧಾನಿಯ ಮೇಲೆ ದಂಡೆತ್ತಿ ಹೋಗು ಎಂದು ದೊರೆ ಹೇಳಿದ, ಈಗ ಹೋದರೆ ಸೋಲುತ್ತೇವೆ ಎಂದು ಇವನು ಕೂತ. ಅರಸ ಪದವಿ ಕಿತ್ತುಕೊಂಡ, ಆಮೇಲೆ ಒಂದು ಕತ್ತಿ ಕಳಿಸಿದ. ಕತ್ತಿಯ ಅರ್ಥ ಅವನಿಗೆ ತಿಳಿಯಿತು. ಶರಣಾದವರಿಗೆ ಮೋಸ ಮಾಡಿ ಕೊಂದವನಿಗೆ ಸಾವೇ ತಕ್ಕದ್ದು ಎಂದುಕೊಂಡು ತನ್ನನ್ನೇ ಇರಿದುಕೊಂಡ ಎನ್ನುತ್ತದೆ ಚರಿತ್ರೆ. ಇವನ ಬಾಲ್ಯ ಹೇಗಿತ್ತೆಂದು ಯಾರಿಗೆ ಬೇಕು?

ಸ್ಪೇನಿನ ಎರಡನೇ ಫಿಲಿಪನ ದಂಡನಾಯಕ ಆಲ್ಬಾದ ಡ್ಯೂಕ್ ಇನ್ನೊಂದು ಮಾದರಿ. 1567ರಲ್ಲಿ ಸುಮಾರು ಹತ್ತು ಸಾವಿರ ಸೈನಿಕರೊಂದಿಗೆ ಆಲ್ಪ್ಸ್ ದಾಟಿ ನೆದರ್‌ಲ್ಯಾಂಡ್ಸಿಗೆ ಬಂದ. ವಿಚಾರಣೆಗೆಂದು ಒಂದು ಮಂಡಳಿ ಮಾಡಿದ, ಜನ ಅದನ್ನು ರಕ್ತದ ಮಂಡಳಿ ಎಂದರು. ದೊರೆಗಾಗಿಯೇ ಹಿಂದೆ ಯುದ್ಧ ಗೆದ್ದುಕೊಟ್ಟಿದ್ದ ಎಗ್‌ಮಾಂಟ್ ಕೌಂಟನ ತಲೆಯನ್ನೇ 1568ರ ಜೂನ್‌ನಲ್ಲಿ ಬ್ರಸೆಲ್ಸಿನ ಚೌಕದಲ್ಲಿ ಕಡಿಸಿದ. ಇಷ್ಟರ ಮೇಲೆ, ಗೆದ್ದ ಫಿರಂಗಿಗಳನ್ನು ಕರಗಿಸಿ ತನ್ನದೇ ಕಂಚಿನ ಪ್ರತಿಮೆ ಮಾಡಿಸಿ ಆಂಟ್‌ವರ್ಪ್ ಕೋಟೆಯಲ್ಲಿ ನಿಲ್ಲಿಸಿಕೊಂಡ. ಅವನ ಉತ್ತರಾಧಿಕಾರಿ ಬಂದು ಅದನ್ನು ಇಳಿಸಿದ. ಫಿಲಿಪ್ 1573ರಲ್ಲಿ ಅವನನ್ನು ವಾಪಸ್ ಕರೆಸಿಕೊಂಡ, ಕೆಲವು ವರ್ಷ ಬಿಟ್ಟು ಮಗನ ಮದುವೆಯ ವಿಚಾರಕ್ಕೆ ಮುನಿದು ಬಂಧನದಲ್ಲಿಟ್ಟ. 1580ರಲ್ಲಿ ಪೋರ್ಚುಗಲ್ ಬೇಕೆನಿಸಿದಾಗ ಎಪ್ಪತ್ತು ದಾಟಿದ ಅದೇ ಮುದುಕನನ್ನು ಹೊರತಂದು ಸೈನ್ಯ ಒಪ್ಪಿಸಿದ. ಅವನೂ ಹೋಗಿ ಗೆದ್ದುಕೊಟ್ಟ! ಈ ಒಂದು ವಿವರದಲ್ಲಿ ಎಷ್ಟು ನಾಟಕವಿದೆ ನೋಡಿ. ಸೆರೆಯಿಂದ ಬಂದವನು ‘ಯಾಕೆ ಹೋಗಲಿ?’ ಎಂದು ಕೇಳದೆ ‘ಫಿರಂಗಿ ಎಷ್ಟು ಕೊಡುತ್ತೀರಿ?’ ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಪಾತ್ರಕ್ಕೆ ಜೀವ ಬಂತು.

ದೂರದವರನ್ನೇ ಯಾಕೆ ಹೇಳಬೇಕು? ನಾನು ಕೂತಿರುವ ಈ ಮೈಸೂರಿನ ಸೈನ್ಯ 1650ರ ದಶಕದಲ್ಲಿ, ಕಂಠೀರವ ನರಸರಾಜರ ಆಳ್ವಿಕೆಯ ಕೊನೆಗಾಲದಲ್ಲಿ, ತಮಿಳುನಾಡಿನ ಮಧುರೆಯ ಸೀಮೆಗೆ ನುಗ್ಗಿ ಸಿಕ್ಕವರ ಮೂಗು ಕೊಯ್ದದ್ದುಂಟು. ಕೊಯ್ದು ತಂದವರಿಗೆ ಇನಾಮು ಇತ್ತೆಂದು ಆಗ ಅಲ್ಲಿದ್ದ ಜೆಸ್ವಿಟ್ ಪಾದ್ರಿಗಳ ಪತ್ರಗಳಲ್ಲಿದೆ. ಮಧುರೆಯವರೂ ತಿರುಗಿ ಬಂದು ಅದನ್ನೇ ಮಾಡಿದರು. ಇನಾಮು ಕೊಡಬೇಕೆಂದರೆ ಮೂಗುಗಳನ್ನು ಎಣಿಸಿ ಲೆಕ್ಕ ಬರೆಯುವ ಗುಮಾಸ್ತನೊಬ್ಬ ಇದ್ದಿರಲೇಬೇಕು. ನಿವೃತ್ತ ಶಿರಸ್ತೇದಾರನ ಮನಸ್ಸು ಅಲ್ಲಿಗೇ ಹೋಗುತ್ತದೆ.

ಇನ್ನು, ಕ್ರೂರಿಯಾದವನು ಇಪ್ಪತ್ತನಾಲ್ಕು ಗಂಟೆಯೂ ಕ್ರೂರಿಯಾಗಿರಬೇಕಾಗಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಕ್ರೂರಿ ಎನ್ನಲು ನನಗೆ ಧೈರ್ಯವಿಲ್ಲ, ಶ್ರವಣಬೆಳಗೊಳದ ಶಾಸನಗಳು ಅವನನ್ನು ಹಾಡಿ ಹೊಗಳಿವೆ. ಆದರೆ ಅದೇ ಶಾಸನಗಳೇ ಹೇಳುವುದು: ಕಣ್ಣೆಗಾಲದಲ್ಲಿ ಹನ್ನೆರಡು ಸಾಮಂತರೊಡನೆ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಅವನು ರಾತ್ರಿ ಹೊತ್ತು ಬಿದ್ದ. ದೊರೆ ಮೆಚ್ಚಿ ಬೇಡಿದ್ದನ್ನು ಕೊಡುತ್ತೇನೆ ಎಂದಾಗ ಊರನ್ನು ಬೇಡಿ ಪಡೆದು ದೇವರ ಪೂಜೆಗೆ ಬಿಟ್ಟ. ರಾತ್ರಿ ಹೊತ್ತು ಬೀಡಿನ ಮೇಲೆ ಬಿದ್ದವನೂ ಅವನೇ, ತಾಯಿಗೆ ಬಸದಿ ಕಟ್ಟಿಸಿಕೊಟ್ಟವನೂ ಅವನೇ. ಮಾಚರಸನಿಗೂ ನಾನು ಇದರಿಂದ ಸ್ವಲ್ಪ ಸಾಲ ತಂದಿದ್ದೇನೆ. ಗೆದ್ದ ಊರುಗಳಲ್ಲಿ ಕೆರೆ ಕಟ್ಟಿಸುತ್ತಾನೆ. ಕೆರೆ ಚೆನ್ನಾಗಿಯೇ ಇರುತ್ತದೆ, ನೀರೂ ನಿಲ್ಲುತ್ತದೆ. ಅವನನ್ನು ಸುಮ್ಮನೆ ದ್ವೇಷಿಸಲಾಗದೆ ಹುಡುಗರು ಒದ್ದಾಡುತ್ತಾರೆ.

ತಾಳಮದ್ದಳೆಗೂ ಈ ಆಟಕ್ಕೂ ಒಂದು ದೊಡ್ಡ ಫರಕಿದೆ. ನಮ್ಮಲ್ಲಿ ಎಷ್ಟೇ ಚೆನ್ನಾಗಿ ವಾದ ಮಾಡಿದರೂ ಮಾಗಧ ಭೀಮನ ಕೈಯಲ್ಲಿ ಸಾಯಲೇಬೇಕು, ಪ್ರಸಂಗ ಹಾಗೇ ಇದೆ. ಇಲ್ಲಿ ಮಾಚರಸ ಸಾಯುತ್ತಾನೋ, ಗೆಲ್ಲುತ್ತಾನೋ, ದೊರೆಯನ್ನೇ ಬಿಟ್ಟು ಹೋಗುತ್ತಾನೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಎದುರಿನವರಿಗೆ ಎಡೆ ಬಿಡುವುದು ಇನ್ನೂ ಮುಖ್ಯವಾಗುತ್ತದೆ. ಎದುರಿನ ಅರ್ಥಧಾರಿಗೆ ಮಾತೇ ಹೊಳೆಯದಂತೆ ಮಾಡಿ ಗೆದ್ದೆ ಎಂದು ಬೀಗುವವರನ್ನು ಕೂಟಗಳಲ್ಲಿ ನೋಡಿದ್ದೇನೆ. ಮುಂದಿನ ಸಲ ಅವರನ್ನು ಯಾರೂ ಕರೆಯುವುದಿಲ್ಲ. ಮಾಚರಸನ ಪ್ರತಿ ಕೆಲಸದಲ್ಲೂ ನಾನೊಂದು ಸಂದು ಇಟ್ಟಿರುತ್ತೇನೆ. ರಸೀದಿ ಅಂಥದ್ದೊಂದು ಸಂದು: ಅದರ ಮೇಲೆ ಅರಮನೆಯ ಮುದ್ರೆಯಿದೆ, ಅಂದರೆ ಬೀಜ ಕೊಂಡುಹೋದದ್ದು ದೊರೆಯ ಹೆಸರಿನಲ್ಲಿ.

ನಿಮ್ಮ ಲೇಖನದಲ್ಲಿ ಪೋಷಕರೊಬ್ಬರು, ಇಂಥ ಪಾತ್ರ ಆಡಿದರೆ ಮಕ್ಕಳೂ ಕ್ರೂರಿಗಳಾಗುವುದಿಲ್ಲವೇ ಎಂದು ಕೇಳಿದ್ದರು. ಕಂಸನ ವೇಷ ಹಾಕಿದವರೆಲ್ಲ ಸೋದರಳಿಯಂದಿರನ್ನು ಬಂಡೆಗೆ ಬಡಿದಿದ್ದರೆ ಮಲೆನಾಡು, ಕರಾವಳಿಯಲ್ಲಿ ಜನವೇ ಉಳಿಯುತ್ತಿರಲಿಲ್ಲ. ಆದರೂ ಕೇಳಿದ್ದು ತಪ್ಪಲ್ಲ, ಏಕೆಂದರೆ ಪಾತ್ರದ ಹೆಸರಿನಲ್ಲಿ ಪಕ್ಕದವರನ್ನು ನೋಯಿಸುವವರು ಇದ್ದಾರೆ. ‘ನಾನಲ್ಲ, ನನ್ನ ಸೇನಾಪತಿ ಹಾಗೆ’ ಎಂದು ಜಾರಿಕೊಳ್ಳುತ್ತಾರೆ. ಅದಕ್ಕೆ ಈ ಹುಡುಗರು ಒಳ್ಳೆಯ ಪದ್ಧತಿಗಳನ್ನು ಮಾಡಿಕೊಂಡಿದ್ದಾರೆ. ಆಟ ಶುರುವಾಗುವ ಮೊದಲೇ ಒಂದು ದಿನ ಕೂತು ಏನೇನು ಮೇಜಿಗೆ ತರುವುದಿಲ್ಲ ಎಂದು ಮಾತಾಡಿಕೊಂಡರು. ನಡುವೆ ‘ಎಕ್ಸ್’ ಎಂದು ಬರೆದ ಕಾರ್ಡೊಂದು ಇರುತ್ತದೆ. ಯಾರು ಅದನ್ನು ಮುಟ್ಟಿದರೂ ಕಾರಣ ಕೇಳದೆ ಆ ದೃಶ್ಯ ಬಿಟ್ಟು ಮುಂದಕ್ಕೆ ಹೋಗಬೇಕು. ನೇಣಿನ ದೃಶ್ಯವನ್ನು ನಾನು ವರ್ಣಿಸಲಿಲ್ಲ. ಹುಣಸೆ ಮರ ಎಂದೆ, ಹಗ್ಗ ಎಂದೆ, ಮುಂದಿನ ಮಾತಿಗೆ ಹೋದೆ. ರಕ್ತ ವರ್ಣಿಸುವುದರಲ್ಲಿ ಕ್ರೌರ್ಯ ಇಲ್ಲ. ಅದು ಬರೀ ಚಪಲ.

ಈಗ ಆಟ ಎಲ್ಲಿಗೆ ಬಂದಿದೆ ಎಂದರೆ, ವೀರರು ಮಾಚರಸನ ಮೇಲೆ ದೂರು ಹೊತ್ತು ಮೂರು ಸಲ ಅರಮನೆಗೆ ಹೋಗಿಬಂದಿದ್ದಾರೆ. ಮೂರು ಸಲವೂ ದೊರೆ ಅವರ ಕೈ ಹಿಡಿದುಕೊಂಡ, ಊಟ ಹಾಕಿಸಿದ, ‘ನಾನು ವಿಚಾರಿಸುತ್ತೇನೆ’ ಎಂದ. ಉಳಿದ ಹುಡುಗರು ಇನ್ನೂ ನಾಲ್ಕನೆಯ ಅರ್ಜಿ ಬರೆಯುತ್ತಿದ್ದಾರೆ. ಆ ವೈದ್ಯೆ ಮಾತ್ರ ಹೋದ ವಾರ ಅರ್ಜಿಗೆ ಸಹಿ ಹಾಕಲಿಲ್ಲ. ಒಬ್ಬಳೇ ಮಾಚರಸನ ಡೇರೆಗೆ ಬಂದು, ‘ದಂಡನಾಯಕರೇ, ನಿಮ್ಮ ಲೆಕ್ಕದ ಪುಸ್ತಕ ನೋಡಬಹುದಾ?’ ಎಂದು ಕೇಳಿದಳು. ಕೊಡುವುದೋ ಬಿಡುವುದೋ ಎಂದು ನಾನು ಹೇಳುವಷ್ಟರಲ್ಲಿ ಮಗಳು ಕಾಫಿಗೆ ಕರೆದಳು, ಮೊಮ್ಮಗ ‘ಇವತ್ತಿಗೆ ಸಾಕು’ ಎಂದು ಮಂಗಳ ಹಾಡಿದ. ಕೊಟ್ಟರೆ ದೊರೆಯ ಹೆಸರು ಕೆಡುತ್ತದೆ. ಸುಡಬಹುದು, ಆದರೆ ರಸೀದಿಗಳು ಊರೂರಲ್ಲಿ ಉಳಿದಿವೆ. ಮೊಮ್ಮಗನಿಗೂ ಹೇಳಿಲ್ಲ, ಈ ವಾರ ಅದಕ್ಕೇ ಪೀಠಿಕೆ ಹೊಂದಿಸುತ್ತ ಕೂತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರ
ಕುವೆಂಪುನಗರ, ಮೈಸೂರು

ತಾ.ಕ.: ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿರುವುದು ಪಗಡೆಯ ಉದ್ದನೆ ದಾಳ. ಈ ಆಟದ ಮುಖ್ಯ ದಾಳಕ್ಕೆ ಇಪ್ಪತ್ತು ಮುಖ. ಮುಂದಿನ ಸಲ ಚಿತ್ರ ಬೇಕಾದರೆ ಹುಡುಗರ ಹತ್ತಿರ ಕೇಳಿ, ಬಣ್ಣಬಣ್ಣದವು ಒಂದು ಚೀಲ ತುಂಬ ಇವೆ.